ಸಾಕಿದ ಗಿನಿ ಪಿಗ್ ಸತ್ತರೆ ಸೂತಕವುಂಟೇ?

ಪ್ರಶ್ನೆ: ಮಕ್ಕಳು ಸಾಕಿದ್ದ ಗಿನಿ ಪಿಗ್ ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಸತ್ತಿತ್ತು. ಸೂತಕ, ದೋಷ ಉಂಟೇ?
– ಓದುಗರೊಬ್ಬರು, ಶಹಾಪುರ

ಉತ್ತರ: ಸೂತಕವಿಲ್ಲ, ಅದು ಬಂಧುಗಳಿಗೆ ಹೇಳಿದ್ದು. ಜಾಗ ತೊಳೆದು, ಸ್ನಾನ ಮಾಡಿ, ಎಂದಿನಂತೆ ದೀಪ ಹಚ್ಚಿರಿ. ಗ್ರಹದೋಷ ಅಂತ ಯಾರಾದರೂ ಹೆದರಿಸಿದರೆ ಶಾಂತಿಗೆ ದುಡ್ಡು ಸುರೀಬ್ಯಾಡ್ರಿ. ಅದು ಆಂಡೀಸ್ ಪರ್ವತದ ತಂಪು ಸೀಮೆಯ ಪ್ರಾಣಿ; ನಮ್ಮ ಯಾದಗಿರಿ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುವ ಸ್ವಭಾವ ಬೇರೆ. ಜೊತೆಗೆ ಇನ್ನೊಂದಿದ್ದರೆ ಪಶುವೈದ್ಯರಿಗೆ ತೋರಿಸಿರಿ.

ಕೃಷ್ಣೆಗೋ ಭೀಮೆಗೋ ಎಸೆಯದೆ ಆಳವಾಗಿ ಹೂಳಿರಿ. ಮಕ್ಕಳ ಕೈಯಿಂದ ಹೂವು ಹಾಕಿಸಿರಿ. ಜಟಾಯುವಿಗೆ ಶ್ರೀರಾಮನೇ ಸಂಸ್ಕಾರ ಮಾಡಿದ. ಮಕ್ಕಳ ಅಳುವನ್ನು ಹುಚ್ಚು ಅನ್ನಬ್ಯಾಡ್ರಿ. ಅದರ ನೆನಪಿಗೆ ಆಕಳಿಗೆ ಒಂದು ಹಿಡಿ ಹುಲ್ಲು ಹಾಕಿಸಿರಿ. ಗೃಹಸ್ಥನ ಪಂಚಯಜ್ಞಗಳಲ್ಲಿ ಭೂತಯಜ್ಞವೂ ಒಂದಲ್ಲವೇ?