ನ್ಯೂಟ್ರಲ್ ತಂತಿ ಬಿಸಿಯಾದುದೇಕೆ?

ವಾಮಂಜೂರಿನಲ್ಲಿ ನನ್ನ ಪರಿಚಿತರೊಬ್ಬರ ಅಂಗಡಿಸಾಲಿದೆ. ಹಿಂದೆ ಅಲ್ಲಿ ಚೋಕ್ ಹಾಕಿದ ಟ್ಯೂಬ್‌ಲೈಟುಗಳಿದ್ದವು. ಈಗ ಎಲ್ಲೆಲ್ಲೂ ಎಲ್‌ಇಡಿ ದೀಪ, ಕಂಪ್ಯೂಟರು. ಬಿಲ್ಲು ಇಳಿಯಿತೆಂದು ಅವರಿಗೆ ಸಂತೋಷವೇ. ಆದರೆ ಕಳೆದ ಮಳೆಗಾಲದಲ್ಲಿ ಮೀಟರ್ ಬೋರ್ಡಿನಿಂದ ಸುಟ್ಟ ವಾಸನೆ ಬಂದಿತು. ತೆರೆದು ನೋಡಿದರೆ ಮೂರು ಫೇಸುಗಳ ತಂತಿಗಳೂ ಸರಿಯಾಗಿವೆ. ನ್ಯೂಟ್ರಲಿನ ಹೊದಿಕೆ ಮಾತ್ರ ಕಂದಿಹೋಗಿದೆ! ಮೂರು ಫೇಸುಗಳ ಹೊರೆಯೂ ಸಮವಾಗಿದ್ದರೆ ನ್ಯೂಟ್ರಲಿನಲ್ಲಿ ಪ್ರವಾಹವೇ ಇರಲಾರದೆಂದು ನಾವು ಓದಿದ್ದೇವೆ. ಹಾಗಾದರೆ ಪುಸ್ತಕ ಸುಳ್ಳೇ?

ಸುಳ್ಳಲ್ಲ; ಅದು ಶುದ್ಧವಾದ ಸೈನ್ ಅಲೆಯ ಮಾತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಅಲೆ. ಹಳೆಯ ಕಾಲದ ಬಲ್ಬು ಅಲೆಯ ಏರಿಳಿತವನ್ನು ಅನುಸರಿಸಿಯೇ ಪ್ರವಾಹವನ್ನು ಎಳೆಯುತ್ತಿತ್ತು. ಎಲ್‌ಇಡಿ ದೀಪದೊಳಗಿನ ಕೆಪಾಸಿಟರು ಹಾಗಲ್ಲ. ಅಲೆಯ ತುದಿಯಲ್ಲಿ ಮಾತ್ರ ಒಂದು ಗುಟುಕು ಎಳೆದು, ಉಳಿದ ಹೊತ್ತು ಸುಮ್ಮನಿರುತ್ತದೆ. ಹೀಗೆ ವಿಕಾರಗೊಂಡ ಅಲೆಯಾದರೂ ಪುನರಾವರ್ತಿಸುವುದಾದರೆ, ಅದನ್ನು 50, 150, 250 ಆವರ್ತಗಳ ಶುದ್ಧ ಅಲೆಗಳ ಮೊತ್ತವೆಂದು ತಿಳಿಯಬಹುದು. ಈ ಮಾರ್ಗವನ್ನು ಫ್ರಾನ್ಸಿನ ಫೂರಿಯೇ 1822ರ ತನ್ನ ಗ್ರಂಥದಲ್ಲಿ ತೋರಿಸಿದನು. ಮೇಲಿನ ಅಲೆಗಳಿಗೆ ಹಾರ್ಮೋನಿಕ್‌ಗಳೆಂದು ಹೆಸರು. ಸಂಗೀತ ಬಲ್ಲವರಿಗೆ ಇದು ಹೊಸತಲ್ಲ. ಮೃದಂಗದ ಕಪ್ಪು ಲೇಪದಿಂದ ಅದರ ಉಪಸ್ವರಗಳು ಹೀಗೆಯೇ ಪೂರ್ಣಸಂಖ್ಯೆಯ ಪಟ್ಟುಗಳಾಗುವುವೆಂದು ಸಿ. ವಿ. ರಾಮನ್ನರು 1920ರಲ್ಲಿ ತೋರಿಸಿದ್ದರು. ಮೃದಂಗಕ್ಕೆ ಅದು ಸೊಗಸು, ತಂತಿಗೆ ಹೊರೆ.

ಕಲಾ ವಿಭಾಗದ ಮಿತ್ರರು ಇಲ್ಲಿ ಪುಟ ತಿರುವಬಾರದು, ಲೆಕ್ಕ ಸುಲಭವಾಗಿದೆ. ಮೂರು ಫೇಸುಗಳ ಅಲೆಗಳು ಒಂದರಿಂದೊಂದು ಆವರ್ತದ ಮೂರನೆಯ ಒಂದು ಭಾಗ ಹಿಂದಿರುತ್ತವೆ. ಆದುದರಿಂದ ನ್ಯೂಟ್ರಲಿನಲ್ಲಿ ಪರಸ್ಪರ ಅಳಿಸಿಹೋಗುತ್ತವೆ. ಆದರೆ ಅಷ್ಟು ಹೊತ್ತಿನಲ್ಲಿ ಮೂರನೆಯ ಹಾರ್ಮೋನಿಕ್ ಒಂದು ಪೂರ್ಣ ಆವರ್ತವನ್ನೇ ಮುಗಿಸಿರುತ್ತದೆ. ಹಾಗಾಗಿ ಮೂರು ಫೇಸುಗಳ ಮೂರನೆಯ ಹಾರ್ಮೋನಿಕ್‌ಗಳೂ ಹೆಜ್ಜೆಗೆ ಹೆಜ್ಜೆ ಸೇರಿ ಕೂಡಿಕೊಳ್ಳುತ್ತವೆ. ಪ್ರತಿ ಫೇಸಿನಲ್ಲಿ ಮೂಲ ಅಲೆ 10 ಆಂಪಿಯರ್, ಮೂರನೆಯದು 6 ಆಂಪಿಯರ್ ಎಂದಿಟ್ಟುಕೊಳ್ಳಿ. ಫೇಸಿನ ನಿಜವಾದ ಪ್ರವಾಹ 100 ಮತ್ತು 36ರ ಮೊತ್ತದ ವರ್ಗಮೂಲ, ಎಂದರೆ ಸುಮಾರು 11.7. ನ್ಯೂಟ್ರಲಿನಲ್ಲಿ 18! ಅದಕ್ಕೆ ಸಾಮಾನ್ಯವಾಗಿ ಫ್ಯೂಸೂ ಇರುವುದಿಲ್ಲ. ಅದು ಸುಟ್ಟು ಕಡಿದರೆ 230 ವೋಲ್ಟಿನ ಉಪಕರಣಗಳಿಗೆ 400ರ ಹತ್ತಿರದವರೆಗೂ ಒತ್ತಡ ಬೀಳಬಹುದು.

ಅಗ್ಗದ ಕ್ಲ್ಯಾಂಪ್ ಮೀಟರು ಸೈನ್ ಅಲೆಯೆಂದೇ ನಂಬಿ, ಸರಾಸರಿಯಿಂದ ಲೆಕ್ಕ ಹಾಕುತ್ತದೆ. ಚೂಪಾದ ಪ್ರವಾಹವನ್ನು ಕಡಿಮೆ ತೋರಿಸುತ್ತದೆ. ಪವರ್ ಅನಲೈಸರು ಬೇಕಾಗುವುದು ಇಲ್ಲಿಯೇ. ಅದು ವೋಲ್ಟೇಜು, ಪ್ರವಾಹ ಎರಡನ್ನೂ ಕ್ಷಣಕ್ಷಣಕ್ಕೆ ಅಳೆದು, 10 ಆವರ್ತಗಳ, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗದ ದಾಖಲೆಯನ್ನು ಬಿಡಿಸಿ, ಒಂದೊಂದು ಹಾರ್ಮೋನಿಕ್ಕನ್ನೂ ಬೇರೆಬೇರೆ ಕಂಬವಾಗಿ ತೋರಿಸುತ್ತದೆ. ಕ್ಲ್ಯಾಂಪಿನ ಮೇಲಿನ ಬಾಣ ಹೊರೆಯ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಶಕ್ತಿ ಋಣವಾಗಿ ಕಾಣುತ್ತದೆ. ನಾವು ಮೊದಲ ಸಲ ಹಾಗೆಯೇ ಹಾಕಿದ್ದೆವು. ಅಂಗಡಿಸಾಲು ವಿದ್ಯುತ್ತನ್ನು ಉತ್ಪಾದಿಸುತ್ತಿದೆಯೆಂದು ನಗು! ಜೀವವಿರುವ ಬೋರ್ಡನ್ನು ಮಾತ್ರ ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನರೇ ಮುಟ್ಟಬೇಕು.

ಇನ್ನೊಂದು ಎಚ್ಚರ. ಹಾರ್ಮೋನಿಕ್‌ಗಳ ಒಟ್ಟು ಬಲವನ್ನು ಮೂಲ ಅಲೆಯ ಶೇಕಡಾವಾರಿನಲ್ಲಿ ಹೇಳುವುದು ರೂಢಿ. ಮೇಲಿನ ಉದಾಹರಣೆಯಲ್ಲಿ ಅದು 60. ರಾತ್ರಿ ಎರಡೇ ದೀಪ ಉರಿಯುವಾಗ ಶೇಕಡಾವಾರು ಭಯಂಕರವಾಗಿ ಕಾಣಬಹುದು, ಆಂಪಿಯರ್ ಅತ್ಯಲ್ಪವಿರಬಹುದು. ಆಂಪಿಯರನ್ನೂ ಬರೆದುಕೊಳ್ಳದ ಅಳತೆ ಅರ್ಧ ಅಳತೆ ಎಂದೇ ನನ್ನ ಅಭಿಪ್ರಾಯ.

ಅಂಗಡಿಸಾಲಿಗೆ ಇಮ್ಮಡಿ ದಪ್ಪದ ನ್ಯೂಟ್ರಲ್ ಹಾಕಿಸಿದರು. ಮತ್ತೆ ಅಳೆದೆವು, ಪ್ರವಾಹ ಮೊದಲಿನಷ್ಟೇ ಇತ್ತು, ತಂತಿ ಮಾತ್ರ ತಣ್ಣಗಿತ್ತು.