ಜೂಲಿಯೆಟ್‌ಳನ್ನು ಹುಡುಕಹೊರಟವಳಿಗೆ

ಮಗಳೇ, ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್‌ನ ಹೆಂಡತಿ ಜೂಲಿಯೆಟ್‌ಳ ಬದುಕನ್ನು ಬರೆಯಹೊರಟಿದ್ದೀಯೆಂದು ತಿಳಿದು ತುಂಬ ಸಂತೋಷವಾಯಿತು. ಆದರೆ ಹಾದಿಯ ಆರಂಭದಲ್ಲೇ ಒಂದು ಹಳ್ಳವಿದೆ. ಜೂಲಿಯೆಟ್ ಯಾರ ಮಗಳು, ಎಲ್ಲಿಂದ ಬಂದವಳು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ರಾಜಮನೆತನದವಳೆಂದು ಕೆಲವರು, ಜಿಪ್ಸಿಯೆಂದು ಕೆಲವರು. ಎಷ್ಟೋ ಮಂದಿ ಆ ಒಗಟಿನಲ್ಲೇ ಸಿಕ್ಕಿಕೊಂಡು ಅವಳನ್ನು ಮರೆತರು. ನೀನು ಹಾಗೆ ಮಾಡಬೇಡ. ಅವಳು ಮುಚ್ಚಿಟ್ಟುಕೊಂಡದ್ದು ಅವಳದು. ದಾಖಲೆ ಸುಮ್ಮನಿರುವ ಕಡೆ ನೀನೂ ಸುಮ್ಮನಿರು, ಕಟ್ಟುಕಥೆ ತುಂಬಬೇಡ.

ಮೊದಲ ಹೆಂಡತಿ ಮೆಲುಸೀನಾ ಫೇಯಿಂದ ವಿಚ್ಛೇದನ ಸಿಕ್ಕ ಕೆಲವೇ ದಿನಗಳಲ್ಲಿ, 1883ರ ಏಪ್ರಿಲ್‌ನಲ್ಲಿ, ಪರ್ಸ್ ಜೂಲಿಯೆಟ್‌ಳನ್ನು ಮದುವೆಯಾದ. ಮದುವೆಗೆ ಮುಂಚೆಯೇ ಇಬ್ಬರೂ ಜೊತೆಗಿದ್ದರೆಂಬ ಮಾತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಆಡಳಿತದ ಕಿವಿಗೆ ಬಿದ್ದು, 1884ರಲ್ಲಿ ಅವನ ಕೆಲಸ ಹೋಯಿತು. ಅವನ ಬಾಳು ಹಾಳಾದದ್ದು ಇವಳಿಂದ ಎಂಬ ಧಾಟಿ ಹಳೆಯ ಬರಹಗಳಲ್ಲಿ ನಿನಗೆ ಎದುರಾಗುತ್ತದೆ. ಗಂಡಸಿನ ಕೇಡನ್ನು ಹೆಂಗಸಿನ ಸೆರಗಿಗೆ ಗಂಟುಹಾಕುವ ಈ ಚಾಳಿ ನಮಗೆ ಹೊಸದೇನಲ್ಲ. ಆ ಗಂಟನ್ನು ಬಿಚ್ಚುವುದು ನಿನ್ನ ಕೆಲಸ. ಹಾಗೆಯೇ ಮೆಲುಸೀನಾಳನ್ನೂ ದಾಟಿ ಹೋಗಬೇಡ: ಹೆಂಗಸರೆಲ್ಲ ಸೇರಿ ಸಹಕಾರಿಯಾಗಿ ಮನೆಗೆಲಸ ನಡೆಸಿ ಗಂಡಂದಿರಿಂದ ಅದಕ್ಕೆ ಹಣ ಪಡೆಯಬೇಕೆಂದು 1868ರಲ್ಲೇ ಬರೆದ ಗಟ್ಟಿಗಿತ್ತಿ ಅವಳು.

1888ರಲ್ಲಿ ಗಂಡಹೆಂಡಿರು ಪೆನ್ಸಿಲ್ವೇನಿಯಾದ ಮಿಲ್ಫರ್ಡ್ ಬಳಿ ಹೊಲ, ಮನೆ ಕೊಂಡರು. ಮನೆಗೆ ಅರಿಸ್ಬಿ ಎಂದು ಹೆಸರಿಟ್ಟರು. ಬರಬರುತ್ತ ಸಾಲ ಬೆಳೆಯಿತು, ಒಲೆ ಉರಿಸಲೂ ಕಷ್ಟವಾಯಿತು, ಜೂಲಿಯೆಟ್‌ಳ ದೇಹಸ್ಥಿತಿಯೂ ಚೆನ್ನಾಗಿರಲಿಲ್ಲ. ಅವನು ಮಾತ್ರ ಬರೆಯುತ್ತಲೇ ಹೋದ. ಅಚ್ಚಾಗದ ಹಾಳೆಗಳು ಮನೆತುಂಬ ರಾಶಿಬಿದ್ದವು. 1914ರ ಏಪ್ರಿಲ್‌ನಲ್ಲಿ ಅವನು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆ ರಾಶಿ ಉಳಿದದ್ದು ಅವಳ ಕೈಯಲ್ಲಿ. ಕೈಬರಹಗಳನ್ನು ಅವಳು ಹಾರ್ವರ್ಡ್‌ಗೆ ಕೊಟ್ಟಳು. ಪ್ರತಿಯಾಗಿ ಸಿಕ್ಕಿದ್ದು 500 ಡಾಲರ್. ಆ ಡಿಸೆಂಬರ್‌ನಲ್ಲಿ ವಿಕ್ಟರ್ ಲೆನ್ಸೆನ್ ಎಂಬ ವಿದ್ಯಾರ್ಥಿ ಅರಿಸ್ಬಿಗೆ ಹೋಗಿ ಅವನ್ನು ಕಟ್ಟಿಸಿ ತಂದ. ಆ ಪ್ರಯಾಣವನ್ನು ಅವನು ಮುಂದೆ ಬರೆದಿಟ್ಟಿದ್ದಾನೆ. ಬೇರೆಲ್ಲಕ್ಕಿಂತ ಮೊದಲು ಅದನ್ನು ಓದು. ಆಮೇಲೆ ಪತ್ರಗಳು, ಜಮೀನಿನ ಕಾಗದ, ಸಾಲದ ಲೆಕ್ಕ. ಹೆಂಗಸರ ಚರಿತ್ರೆ ಗ್ರಂಥಗಳಿಗಿಂತ ಇಂಥ ಚೀಟಿಗಳಲ್ಲಿ ಹೆಚ್ಚು ಸಿಗುತ್ತದೆ.

ಇವತ್ತು ಲೋಕ ಓದುವ ಪರ್ಸ್ ಬಹುಪಾಲು ಬಂದದ್ದು ಆ ಕಟ್ಟುಗಳಿಂದ. ಅವುಗಳ ಮೊದಲ ಸಂಪುಟ 1931ರಲ್ಲಿ ಹೊರಬಂದಾಗ ಜೂಲಿಯೆಟ್ ಬದುಕಿದ್ದಳು. ಸತ್ತದ್ದು 1934ರಲ್ಲಿ. ವಿಧವೆಯಾಗಿ ಅವಳು ಬಾಳಿದ ಆ ಇಪ್ಪತ್ತು ವರ್ಷ ಕೆಲವು ಪುಸ್ತಕಗಳಲ್ಲಿ ಒಂದು ಪುಟವನ್ನೂ ತುಂಬುವುದಿಲ್ಲ. ನೀನು ಬರೆಯುವ ಮೊದಲ ಅಧ್ಯಾಯ 1883ರ ಮದುವೆಯಿಂದ ಬೇಡ, ಮಗಳೇ. 1914ರ ಆ ಚಳಿಗಾಲದ ಮನೆಯಿಂದ ಶುರುಮಾಡು.