ಮನದ ಭಾರಕ್ಕೆ ದೂರವಾಣಿಯ ನೆರವು

ದೇಹಕ್ಕೆ ಜ್ವರ ಬಂದರೆ ನಾವು ಮರೆಮಾಚುವುದಿಲ್ಲ. ಮನೆಯವರಿಗೆ ತಿಳಿಸುತ್ತೇವೆ, ವೈದ್ಯರಲ್ಲಿಗೆ ಹೋಗುತ್ತೇವೆ. ಆದರೆ ಮನಸ್ಸು ಬಳಲಿದಾಗ ಅನೇಕರು ಬಾಯಿ ತೆರೆಯುವುದಿಲ್ಲ. ತಲೆನೋವು, ಎದೆಬಡಿತ, ನಿದ್ರಾಹೀನತೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಕೆಲವರ ಬೇನೆಯ ಮೂಲ ಮನಸ್ಸಿನಲ್ಲಿಯೇ ಇರುತ್ತದೆ. ಕುಟುಂಬ ಕಲ್ಯಾಣವೆಂದರೆ ಮಿತ ಸಂತಾನ ಮತ್ತು ತಾಯಿ-ಮಕ್ಕಳ ಆರೈಕೆ ಮಾತ್ರವಲ್ಲ. ಪತಿ-ಪತ್ನಿಯರ ಮನಃಶಾಂತಿಯೂ ಅದರ ಅಂಗವಾಗಿದೆ.

ನಮ್ಮ ಭಾಗದ ಪರಿಸ್ಥಿತಿ

1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನಿಂದ ನಾಡಿಗೆ ನೀರು ಮತ್ತು ವಿದ್ಯುತ್ತು ದೊರೆತಿವೆ. ಅದರೊಡನೆ ಎಷ್ಟೋ ಕುಟುಂಬಗಳು ಹಿನ್ನೀರಿಗೆ ಹುಟ್ಟೂರನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಬಾಳು ಕಟ್ಟಬೇಕಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಣಬೇಸಾಯದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಗೋವೆಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುತ್ತಾರೆ. ಸಾಲ, ಬೆಳೆಹಾನಿ, ಅಗಲಿಕೆ, ಕುಡಿತ ಇವೆಲ್ಲವೂ ಮನಸ್ಸನ್ನು ಕುಗ್ಗಿಸುತ್ತವೆ. ಮನೋವೈದ್ಯರನ್ನು ಕಾಣಲು ವಿಜಯಪುರಕ್ಕೋ ಧಾರವಾಡಕ್ಕೋ ಹೋಗಬೇಕೆಂದರೆ ಬಸ್ಸಿನ ವೆಚ್ಚದೊಡನೆ ಆ ದಿನದ ಕೂಲಿಯೂ ಹೋಗುತ್ತದೆ. ಆದುದರಿಂದಲೇ ಬಡವರು ಚಿಕಿತ್ಸೆಯನ್ನು ಮುಂದೂಡುತ್ತಾರೆ.

ಟೆಲಿ ಮಾನಸ್ ಎಂದರೇನು?

ಈ ಕೊರತೆಯನ್ನು ನೀಗಿಸಲು ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಎಂಬ ಸಹಾಯವಾಣಿಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಮಾರ್ಗದರ್ಶಕ ಕೇಂದ್ರವಾಗಿದೆ. 2025ರ ಫೆಬ್ರವರಿಯ ವೇಳೆಗೆ ದೇಶದಾದ್ಯಂತ 18 ಲಕ್ಷಕ್ಕೂ ಹೆಚ್ಚು ಕರೆಗಳು ಇಲ್ಲಿಗೆ ಬಂದಿದ್ದವು. ನೊಂದವರು ನೀವೊಬ್ಬರೇ ಅಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇದರ ಸಂಖ್ಯೆ 14416. ಕರೆ ಉಚಿತ. ಹಗಲಿರುಳೂ ಮಾತನಾಡಬಹುದು. ಅಂತರಜಾಲವಿಲ್ಲದ ಸಾಮಾನ್ಯ ಫೋನೇ ಸಾಕು. ಮೊದಲು ಭಾಷೆಯನ್ನು ಆರಿಸಿಕೊಳ್ಳಲು ಸೂಚನೆ ಕೇಳಿಬರುತ್ತದೆ, ಕನ್ನಡವನ್ನು ಆರಿಸಿಕೊಳ್ಳಿ. ಬಳಿಕ ತರಬೇತಿ ಪಡೆದ ಆಪ್ತಸಮಾಲೋಚಕರು ನಿಮ್ಮ ಮಾತನ್ನು ಸಮಾಧಾನದಿಂದ ಆಲಿಸುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರೊಡನೆ ಸಂಪರ್ಕ ಕಲ್ಪಿಸುತ್ತಾರೆ, ಇಲ್ಲವೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗಲು ತಿಳಿಸುತ್ತಾರೆ. ನೀವು ಹೇಳಿದ ವಿಷಯವನ್ನು ಗುಟ್ಟಾಗಿಡುತ್ತಾರೆ.

ಒಂದು ಉದಾಹರಣೆ

ಪತಿ ಗೋವೆಯಲ್ಲಿ ಕೂಲಿಗಿದ್ದಾನೆ. ಪತ್ನಿ ಎರಡು ತಿಂಗಳ ಹಸುಗೂಸಿನೊಡನೆ ಊರಿನಲ್ಲಿದ್ದಾಳೆ ಎಂದು ಭಾವಿಸೋಣ. ಹೆರಿಗೆಯಾದ ಮೊದಲ ದಿನಗಳಲ್ಲಿ ಬಾಣಂತಿಗೆ ಅಳು ಬರುವುದು ಸಾಮಾನ್ಯ. ಅದು ಸುಮಾರು ಎರಡು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆದರೆ ಈಕೆಗೆ ಮಗು ಮಲಗಿದಾಗಲೂ ನಿದ್ರೆ ಬಾರದು, ಊಟ ಸೇರದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದು. ಮನೆಯವರು ಇದನ್ನು ಸೋಮಾರಿತನವೆನ್ನಬಹುದು, ದೆವ್ವದ ಕಾಟವೆನ್ನಬಹುದು. ಎರಡೂ ತಪ್ಪು. ಇದು ಬಾಣಂತಿಯರಿಗೆ ಬರುವ ಖಿನ್ನತೆ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಆಕೆಯೇ 14416ಕ್ಕೆ ಕರೆ ಮಾಡಬಹುದು. ಗೋವೆಯಿಂದ ಪತಿಯೂ ಕರೆ ಮಾಡಿ, ಪತ್ನಿಗೆ ಹೇಗೆ ನೆರವಾಗಬೇಕೆಂದು ಕೇಳಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಆಕೆ ಆಸ್ಪತ್ರೆಗೆ ಜೊತೆಗೂಡುತ್ತಾಳೆ. ಹಾಲುಣಿಸುವ ತಾಯಿಗೆ ಹೊಂದುವ ಔಷಧಗಳೂ ಇವೆ.

ದಂಪತಿಗಳು ಗಮನದಲ್ಲಿಡಬೇಕಾದ ಅಂಶಗಳು

1. ದುಃಖ, ನಿರಾಸಕ್ತಿ, ನಿದ್ರಾಭಂಗ, ಅತಿಯಾದ ಭಯ ಇವು ಎರಡು ವಾರಗಳಾದರೂ ಬಿಡದಿದ್ದರೆ ತಡಮಾಡದೆ ಸಲಹೆ ಪಡೆಯಿರಿ.

2. ಅನೇಕ ಮನೆಗಳಲ್ಲಿ ಫೋನು ಒಂದೇ, ಅದೂ ಗಂಡಸರ ಕೈಯಲ್ಲಿ. ಪತ್ನಿಗೆ ಫೋನು ಕೊಟ್ಟು, ಏಕಾಂತದಲ್ಲಿ ಮಾತನಾಡಲು ಬಿಡಿ. "ಏನು ಹೇಳಿದೆ?" ಎಂದು ಪೀಡಿಸಬೇಡಿ.

3. ಗಂಡಸರು ಅಳಬಾರದು, ನೋವನ್ನು ಹೇಳಿಕೊಳ್ಳಬಾರದು ಎಂಬುದು ತಪ್ಪು ಕಲ್ಪನೆ. ಸಾಲದ ಚಿಂತೆಯನ್ನು ಮದ್ಯದಲ್ಲಿ ಮುಳುಗಿಸಲು ಹೋದರೆ ಸಾಲವೂ ಬೆಳೆಯುತ್ತದೆ, ಚಿಂತೆಯೂ ಬೆಳೆಯುತ್ತದೆ. ಕುಡಿತ ಬಿಡುವುದಕ್ಕೂ ಇದೇ ಸಂಖ್ಯೆಯಲ್ಲಿ ಸಲಹೆ ಕೇಳಬಹುದು.

4. ಸಾಯುವ ಮಾತನಾಡುವವರನ್ನು ಗದರಿಸಬೇಡಿ, ಹಗುರವಾಗಿಯೂ ಕಾಣಬೇಡಿ. "ಪ್ರಾಣ ಕಳೆದುಕೊಳ್ಳುವ ವಿಚಾರ ಬರುತ್ತಿದೆಯೇ?" ಎಂದು ಪ್ರೀತಿಯಿಂದ ಕೇಳಿ. ಕೇಳಿದ ಮಾತ್ರಕ್ಕೆ ಆ ವಿಚಾರ ಹುಟ್ಟುವುದಿಲ್ಲ. ಬದಲಾಗಿ ಮನದ ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಸಿಂಪಡಿಸುವ ಔಷಧಿಯನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಜಾಗದಲ್ಲಿ ಇಡಿ.

5. ಯಾರಾದರೂ ವಿಷ ಸೇವಿಸಿದ್ದರೆ ಸಲಹೆಗಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಪೊಲೀಸರ ಭಯದಿಂದ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಇಂಥವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಕಾಣುತ್ತದೆ. ಅವರಿಗೆ ಆರೈಕೆ ನೀಡುವುದು ಸರ್ಕಾರದ ಹೊಣೆ ಎನ್ನುತ್ತದೆ.

ಫೋನಿನ ಮಾತು ಸಾಲವನ್ನು ತೀರಿಸದು, ಮಳೆಯನ್ನೂ ತಾರದು. ಆದರೆ ಕಷ್ಟವನ್ನು ಎದುರಿಸುವ ಮನಸ್ಸನ್ನು ಅದು ಉಳಿಸಿಕೊಡಬಲ್ಲದು. ಮನಸ್ಸು ಗಟ್ಟಿಯಾಗಿದ್ದರೆ ದುಡಿಮೆಗೂ ದಾರಿಯುಂಟು, ಸಂಸಾರಕ್ಕೂ ನೆಲೆಯುಂಟು. 14416 ಎಂಬ ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಂದೇ ಬರೆದಿಡಿ. ಓದು ಬಾರದ ನೆರೆಯವರಿಗೆ ಬಾಯಿಪಾಠ ಮಾಡಿಸಿ.